ಟಿ.ಪಿ. ಆ್ಯಕ್ಟ್ (ಆಸ್ತಿ ವರ್ಗಾವಣೆ ಕಾಯ್ದೆ) ಕಲಂ 106: ಆ 15 ದಿನದ ಲೆಕ್ಕ

ಬಾಡಿಗೆದಾರರಿಂದ ಮನೆ ಬಿಡಿಸಬೇಕಾದರೆ 15 ದಿನದ ನೋಟಿಸು. ಇಷ್ಟನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತೇವೆ. ಆದರೆ ಮೊದಲು ನೋಡಬೇಕಾದ್ದು, ಅಲ್ಲಿ ನೋಟಿಸು ಬೇಕೇ ಅನ್ನೋದನ್ನ.

ಬೆಳಗಾವಿ ಟಿಳಕವಾಡಿಯಲ್ಲಿ ಒಂದು ಬಾಡಿಗೆ ಮನೆ ಅಂದುಕೊಳ್ಳಿ. 2024ರ ಜೂನ್ 1ರಿಂದ 11 ತಿಂಗಳ ಕರಾರು. (ಒಂದು ವರ್ಷ ಮೀರಿದರೆ ನೋಂದಣಿ ಬೇಕು, ಕಲಂ 107. 11ರ ಗುಟ್ಟು ಇಷ್ಟೇ.) 2025ರ ಏಪ್ರಿಲ್ 30ಕ್ಕೆ ಅವಧಿ ಮುಗಿಯಿತು. ಇಲ್ಲಿ ನೋಟಿಸು ಬೇಡ. ಕಲಂ 111(ಎ) ಪ್ರಕಾರ ಕರಾರು ತಾನಾಗಿಯೇ ಮುಗಿದಿದೆ.

ಈಗ ಬಾಡಿಗೆದಾರ ಮನೆ ಬಿಡಲಿಲ್ಲ. ಮೇ ತಿಂಗಳ ಬಾಡಿಗೆ ಫೋನ್‌ಪೇ ಮಾಡಿದ. ಮಾಲೀಕರು ಮೆಸೇಜ್ ನೋಡಿದರು, 'ಬಂತು' ಅಂತ ಉತ್ತರವನ್ನೂ ಕಳಿಸಿದರು. ಮುಗೀತು! ಕಲಂ 116 ಬಂತು, ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿಯಿತು. ಇನ್ನು ಬಿಡಿಸಬೇಕಾದರೆ ಕಲಂ 106ರ ನೋಟಿಸು ಬೇಕೇ ಬೇಕು. ಕರಾರಿನಲ್ಲಿ ನೋಟಿಸಿಗೆ ಬೇರೆ ಅವಧಿ ಬರೆದಿದ್ದರೆ ಮಾತ್ರ ಆ ಮಾತು ನಡೆಯುತ್ತದೆ.

ಜೂನ್ 10ಕ್ಕೆ ನೋಟಿಸು ಕೈ ಸೇರಿತು ಅನ್ನಿ. 15 ದಿನ ಅಲ್ಲಿಂದ ಶುರು. ಮೊದಲು ಹೀಗಿರಲಿಲ್ಲ. ಬಾಡಿಗೆ ತಿಂಗಳು ಮುಗಿಯುವ ದಿನಕ್ಕೇ ನೋಟಿಸಿನ ಅವಧಿಯೂ ಮುಗಿಯಬೇಕಿತ್ತು, ಅಂದರೆ ಇಲ್ಲಿ ಜೂನ್ 30ಕ್ಕೆ. ಒಂದು ದಿನ ತಪ್ಪಿದರೂ ದಾವೆ ಬಿದ್ದುಹೋಗುತ್ತಿತ್ತು. 2002ರ ತಿದ್ದುಪಡಿ ಆ ಕಾಟ ತಪ್ಪಿಸಿತು. ಈಗ ನೋಟಿಸಿನಲ್ಲಿ 10 ದಿನ ಅಂತ ಬರೆದಿದ್ದರೂ, 15 ದಿನ ಕಳೆದ ಮೇಲೆ ದಾವೆ ಹಾಕಿದರೆ ಅದೊಂದೇ ಕಾರಣಕ್ಕೆ ನೋಟಿಸು ಕೆಡುವುದಿಲ್ಲ.

ನೋಟಿಸು ಬರಹದಲ್ಲಿರಬೇಕು, ಸಹಿ ಇರಬೇಕು. ಪೋಸ್ಟಿನಲ್ಲಿ ಕಳಿಸಬಹುದು, ಕೈಗೆ ಕೊಡಬಹುದು, ಮನೆಯವರಿಗೆ ಅಥವಾ ಆಳಿಗೆ ಮುಟ್ಟಿಸಬಹುದು. ಯಾವುದೂ ಆಗದಿದ್ದರೆ ಎದ್ದು ಕಾಣುವಂತೆ ಮನೆಗೇ ಅಂಟಿಸಬಹುದು. ಮೆಟ್ಟಿಲ ಮೇಲೆ ನಿಂತು "ಬರೋ ತಿಂಗಳ ಮನಿ ಖಾಲಿ ಮಾಡ್ರಿ" ಅಂದರೆ ಅದು ನೋಟಿಸಲ್ಲ.

ಗಡುವು ಮುಗಿಯಿತು ಅಂತ ಮಾಲೀಕರು ಬೀಗ ಬದಲಿಸುವ ಹಾಗಿಲ್ಲ, ಕೋರ್ಟಿಗೇ ಹೋಗಬೇಕು. ಕರ್ನಾಟಕ ಬಾಡಿಗೆ ಅಧಿನಿಯಮ 1999ಕ್ಕೆ ಸೇರುವ ಕಡಿಮೆ ಬಾಡಿಗೆಯ ಮನೆಯಾದರೆ, ಆ ಅಧಿನಿಯಮದ ಕಲಂ 27ರಲ್ಲಿ ಹೇಳಿರುವ ಕಾರಣವೂ ಬೇಕು.

ಇನ್ನೊಂದು ಗುಂಡಿ ಟಿ.ಪಿ. ಆ್ಯಕ್ಟಿನ ಕಲಂ 113. ನೋಟಿಸಿನ ಗಡುವು ಮುಗಿದ ಮೇಲಿನ ಬಾಡಿಗೆಯನ್ನು, ಕರಾರು ಮುಂದುವರಿಯಲಿ ಎಂಬ ಇರಾದೆಯಿಂದ ಮಾಲೀಕರು ತೆಗೆದುಕೊಂಡರೆ ನೋಟಿಸನ್ನು ಬಿಟ್ಟುಕೊಟ್ಟ ಹಾಗೆ. ನಮ್ಮ ಕಾನೂನು ಕಾಲೇಜಿನ ಇಂಟರ್ನಲ್ಸ್ ಪರೀಕ್ಷೆಯಲ್ಲಿ ಇದನ್ನೇ ಕೇಳಿದ್ದರು. ಕೊನೆಯ ಸಾಲಿನಲ್ಲಿ 'ಜುಲೈ ಬಾಡಿಗೆಗೆ ರಸೀದಿ ಕೊಟ್ಟರು' ಅಂತ ಸಣ್ಣಗೆ ಇತ್ತು. ನಾನು ಅದನ್ನು ಓದದೆಯೇ 'ನೋಟಿಸು ಸರಿಯಾಗಿದೆ' ಅಂತ ಎರಡು ಪುಟ ಬರೆದು ಬಂದಿದ್ದೆ. 10ಕ್ಕೆ 3.