ಮನೆಯಲ್ಲೇ ಜೋಡಿಸುವ ಲ್ಯಾಟೆಕ್ಸ್ ಹಾಸಿಗೆಗೆ ಯಾವ ಪದರ ಮೇಲೆ, ಯಾವುದು ಕೆಳಗೆ?

ಪ್ರಶ್ನೆ: ನಮ್ಮ ಮನೆ ಉಡುಪಿಯ ಹತ್ತಿರ. 78 ಇಂಚು ಉದ್ದ, 72 ಇಂಚು ಅಗಲದ ಹಲಗೆ ಮಂಚಕ್ಕೆ ಲ್ಯಾಟೆಕ್ಸ್ (ರಬ್ಬರ್ ಹಾಲಿನ ಫೋಮ್) ಹಾಳೆಗಳನ್ನು ತರಿಸಿ ನಾವೇ ಹಾಸಿಗೆ ಮಾಡಿಕೊಳ್ಳಬೇಕೆಂದಿದ್ದೇವೆ. ಯಜಮಾನರ ತೂಕ 85 ಕೆ.ಜಿ., ಅಂಗಾತ ಮಲಗುತ್ತಾರೆ. ನನ್ನದು 55 ಕೆ.ಜಿ.; ಮಗ್ಗುಲಾಗಿ ಮಲಗುವುದರಿಂದ ಗಟ್ಟಿ ಹಾಸಿಗೆಯಲ್ಲಿ ಭುಜ ನೋಯುತ್ತದೆ. ಎಷ್ಟು ಪದರ ಬೇಕು? ಯಾವುದು ಎಷ್ಟು ಮೃದುವಾಗಿರಬೇಕು?

ಉತ್ತರ: ನಿಮ್ಮಿಬ್ಬರಿಗೂ ಹೊಂದುವ ಒಂದೇ ಬಗೆಯ ಫೋಮ್ ಸಿಗುವುದು ಕಷ್ಟ. ಪದರಗಳಾಗಿ ಜೋಡಿಸುವುದರ ನಿಜವಾದ ಲಾಭ ಇರುವುದೂ ಇಲ್ಲಿಯೇ. ಮೇಲಿನ ಪದರ ಭುಜ ಮತ್ತು ಸೊಂಟದ ಒತ್ತಡವನ್ನು ತಗ್ಗಿಸುತ್ತದೆ, ಕೆಳಗಿನದು ಇಡೀ ದೇಹದ ಭಾರವನ್ನು ಹೊರುತ್ತದೆ, ನಡುವಿನದು ಇವೆರಡರ ಮಧ್ಯೆ ಹದ ತರುತ್ತದೆ. ಹೆಚ್ಚಿನವರು ಅಂಗಡಿಯಲ್ಲಿ ಕೈಯಿಂದ ಅದುಮಿ ನೋಡಿ, ಹಿತವೆನಿಸಿದ ಮೃದು ಫೋಮನ್ನು ನಾಲ್ಕು ಇಂಚು ದಪ್ಪಕ್ಕೆ ಕೊಳ್ಳುತ್ತಾರೆ. ಆದರೆ ಅಂಗೈಯ ಒತ್ತಡಕ್ಕೂ ರಾತ್ರಿಯಿಡೀ ಒಂದೇ ಕಡೆ ಬೀಳುವ ಸೊಂಟದ ಭಾರಕ್ಕೂ ಸಂಬಂಧವಿಲ್ಲ. ಅಷ್ಟು ದಪ್ಪದ ಮೃದು ಪದರದಲ್ಲಿ ಸೊಂಟ ಕುಸಿದು, ಬೆಳಿಗ್ಗೆ ಬೆನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದ ಮೃದು ಪದರವನ್ನು ಎರಡು ಇಂಚಿಗೆ ನಿಲ್ಲಿಸಿ ಎಂಬುದು ನನ್ನ ಖಚಿತ ಸಲಹೆ.

ನಮ್ಮಲ್ಲಿ ಲ್ಯಾಟೆಕ್ಸನ್ನು ಸಾಮಾನ್ಯವಾಗಿ ಸಾಂದ್ರತೆಯ ಲೆಕ್ಕದಲ್ಲಿ, ಅಂದರೆ ಒಂದು ಘನ ಮೀಟರಿಗೆ ಎಷ್ಟು ಕೆ.ಜಿ. ಎಂದು ಹೇಳಿ ಮಾರುತ್ತಾರೆ. ಪಿಯು (ಪಾಲಿಯುರಿಥೇನ್) ಎಂಬ ಕೃತಕ ಫೋಮಿನಲ್ಲಿ ಸಾಂದ್ರತೆಗೂ ಗಟ್ಟಿತನಕ್ಕೂ ನೇರ ನಂಟಿಲ್ಲ, ಹಗುರವಾದ ಫೋಮೂ ಗಟ್ಟಿಯಾಗಿರಬಹುದು. ಲ್ಯಾಟೆಕ್ಸಿನಲ್ಲಿ ಮಾತ್ರ ಗಾಳಿ ಕಡಿಮೆಯಾಗಿ ರಬ್ಬರ್ ಹೆಚ್ಚಾದಷ್ಟೂ ಹಾಳೆ ಗಟ್ಟಿಯಾಗುವುದರಿಂದ ಈ ಅಂಕಿಯನ್ನು ಬಹುಮಟ್ಟಿಗೆ ನಂಬಬಹುದು. ಒಂದೇ ತಯಾರಕರ ಹಾಳೆಗಳಲ್ಲಿ 65ರಿಂದ 70ರವರೆಗಿನದನ್ನು ಮೃದು, 75ರಿಂದ 80ರವರೆಗಿನದನ್ನು ಮಧ್ಯಮ, 85ರಿಂದ ಮೇಲಿನದನ್ನು ಗಟ್ಟಿ ಎಂದು ಸ್ಥೂಲವಾಗಿ ಹಿಡಿಯಿರಿ.

ನಿಮ್ಮ ಮಂಚಕ್ಕೆ ನಾನು ಹೇಳುವ ಜೋಡಣೆ ಹೀಗಿದೆ. ತಳದಲ್ಲಿ 90ರ ಸಾಂದ್ರತೆಯ ನಾಲ್ಕು ಇಂಚಿನ ಹಾಳೆ ಇರಲಿ. ಅದರ ಮೇಲಿನ ಎರಡು ಇಂಚಿನ ಪದರವನ್ನು 36 ಇಂಚು ಅಗಲದ ಎರಡು ತುಂಡುಗಳಾಗಿ ತರಿಸಿ, ಯಜಮಾನರ ಬದಿಗೆ 85ರದ್ದನ್ನೂ ನಿಮ್ಮ ಬದಿಗೆ 75ರದ್ದನ್ನೂ ಹಾಕಿ. ಎಲ್ಲಕ್ಕಿಂತ ಮೇಲೆ 70ರ ಎರಡು ಇಂಚಿನ ಇಡೀ ಹಾಳೆಯನ್ನು ಹಾಸಿದರೆ ನಡುವಿನ ಸಂದು ಮೈಗೆ ತಾಗುವುದಿಲ್ಲ. ಒಟ್ಟು ಎಂಟು ಇಂಚು. 55 ಕೆ.ಜಿ. ತೂಕದ ಒಬ್ಬರಿಗಾದರೆ ಆರು ಇಂಚು ಸಾಕಿತ್ತು, 85 ಕೆ.ಜಿ.ಗೆ ಎಂಟು ಇಂಚು ನೆಮ್ಮದಿ. ಪದರಗಳ ನಡುವೆ ಅಂಟು ಹಚ್ಚಲೇಬೇಡಿ. ಲ್ಯಾಟೆಕ್ಸ್ ಮೇಲೆ ಲ್ಯಾಟೆಕ್ಸ್ ಸುಲಭವಾಗಿ ಜಾರುವುದಿಲ್ಲ, ಅಂಟಿಸಿದ ಮೇಲೆ ಪದರ ಬದಲಾಯಿಸುವ ಅವಕಾಶವೇ ಇರುವುದಿಲ್ಲ.

ಹಾಳೆ ಬಂದ ದಿನವೇ ತೂಗಿ ನೋಡುವುದು ಒಳ್ಳೆಯದು. ನಿಮ್ಮ ಅಳತೆಯ ಎರಡು ಇಂಚಿನ ಹಾಳೆಯ ಗಾತ್ರ ಸುಮಾರು 0.184 ಘನ ಮೀಟರ್. 70ರ ಸಾಂದ್ರತೆಯದಾದರೆ ಅದು 13 ಕೆ.ಜಿ.ಯಷ್ಟು ತೂಗಬೇಕು. 11 ಕೆ.ಜಿ. ಮಾತ್ರ ಬಂದರೆ ನಿಮಗೆ ಸಿಕ್ಕಿರುವುದು 60ರ ಹಾಳೆ. ‘ಲ್ಯಾಟೆಕ್ಸ್ ಫೀಲ್’ ಎಂಬ ಹೆಸರಿನಲ್ಲಿ ಬರುವುದು ಬಹಳ ಸಲ ಪಿಯು ಫೋಮೇ ಆಗಿರುವುದರಿಂದ, ನೈಸರ್ಗಿಕ ರಬ್ಬರ್ ಲ್ಯಾಟೆಕ್ಸ್ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಸುಳ್ಯ, ಬೆಳ್ತಂಗಡಿಯ ಕಡೆಯ ತೋಟಗಳಲ್ಲಿ ರಬ್ಬರ್ ಹಾಲು ಕಂಡವರಿಗೆ ಅದು ಹಾಗೆಯೇ ಫೋಮ್ ಆಗುವುದಿಲ್ಲವೆಂದು ಗೊತ್ತು. ಹಾಲನ್ನು ಸಾಂದ್ರಗೊಳಿಸಿ, ಗಂಧಕ, ಸತುವಿನ ಆಕ್ಸೈಡ್ ಮುಂತಾದವನ್ನು ಸೇರಿಸಿ, ನೊರೆ ಬರಿಸಿ, ಅಚ್ಚಿನಲ್ಲಿ ಬೇಯಿಸುತ್ತಾರೆ. 1929ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ರೂಪುಗೊಂಡ ಡನ್‌ಲಪ್ ವಿಧಾನ ಇದೇ. ಈ ವಿಧಾನದಲ್ಲಿ ಅಚ್ಚಿನ ತಳಕ್ಕೆ ಇಳಿದ ಭಾಗ ತುಸು ದಟ್ಟವಾಗಿರುವುದುಂಟು, ಆ ಮುಖವನ್ನು ಕೆಳಗೆ ಮಾಡಿ ಹಾಸಿ. ಲ್ಯಾಟೆಕ್ಸ್ ಫೋಮ್ ತಯಾರಿಸುವ ಇನ್ನೊಂದು ಬಗೆಯಾದ ಟ್ಯಾಲಲೇ ವಿಧಾನದ ಹಾಳೆ ಹೆಚ್ಚು ಸಮನಾಗಿರುತ್ತದೆ, ಬೆಲೆಯೂ ಹೆಚ್ಚು. ತಳದ ಪದರಕ್ಕೆ ಅದು ಬೇಕಿಲ್ಲ.

ಹೊದಿಕೆಯನ್ನು ಅವಸರದಲ್ಲಿ ಹೊಲಿಸಬೇಡಿ. ಪದರಗಳ ಮೇಲೆ ಹತ್ತಿಯ ದೊಡ್ಡ ಬೆಡ್‌ಶೀಟ್ ಬಿಗಿದು ಎರಡು ಮೂರು ವಾರ ಮಲಗಿ. ನೀವು ಮಗ್ಗುಲಾಗಿರುವಾಗ ಯಜಮಾನರು ಹಿಂದಿನಿಂದ ಬೆನ್ನಿನ ಗೆರೆಯನ್ನು ನೋಡಲಿ, ಕುತ್ತಿಗೆಯಿಂದ ಸೊಂಟದವರೆಗೆ ಅದು ನೇರವಾಗಿರಬೇಕು. ಭುಜ ಇನ್ನೂ ನೋಯುತ್ತಿದ್ದರೆ ನಿಮ್ಮ ಬದಿಯ ನಡುವಿನ ತುಂಡನ್ನು ಇನ್ನಷ್ಟು ಮೃದುವಾದದ್ದಕ್ಕೆ ಬದಲಿಸಿ. ಸೊಂಟ ಕುಸಿಯುವಂತಿದ್ದರೆ ಗಟ್ಟಿಯದ್ದಕ್ಕೆ. ತೃಪ್ತಿಯಾದ ಮೇಲೆ, ಜೋಡಿಸಿದ ಹಾಸಿಗೆಯ ಅಳತೆಯನ್ನೇ ತೆಗೆದುಕೊಂಡು, ಮೂರು ಬದಿಗೆ ಜಿಪ್ ಇರುವ ಹತ್ತಿ ಬಟ್ಟೆಯ ಹೊದಿಕೆ ಹೊಲಿಸಿ.

ಇನ್ನು ಪ್ರಶ್ನೆಯಲ್ಲಿ ನೀವು ಕೇಳದಿದ್ದರೂ ಹೇಳಲೇಬೇಕಾದದ್ದು ಮಂಚದ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಗಾಳಿಯಲ್ಲಿ ತೇವ ಆರುವುದೇ ಇಲ್ಲ. ಮೈಯ ಬೆವರು ಹಾಳೆಯ ತೂತುಗಳ ಮೂಲಕ ಕೆಳಗಿಳಿದು, ಗಾಳಿಯಾಡದ ಹಲಗೆಯ ಮೇಲೆ ನಿಂತು, ಹಾಸಿಗೆಯ ಅಡಿಯಲ್ಲಿ ಬೂಷ್ಟು ಹಿಡಿಸುತ್ತದೆ. ಹಲಗೆಗೆ ಸಾಲಾಗಿ ತೂತು ಕೊರೆಸಿ, ಇಲ್ಲವೇ ಹಲಗೆ ತೆಗೆಸಿ ಎರಡು ಇಂಚು ಅಂತರದಲ್ಲಿ ಮರದ ಪಟ್ಟಿಗಳನ್ನು ಹೊಡೆಸಿ. ಅಂತರ ಮೂರು ಇಂಚು ದಾಟಿದರೆ ಲ್ಯಾಟೆಕ್ಸ್ ಸಂದಿಗೆ ಜೋಲುತ್ತದೆ. ರೆಕ್ಸಿನ್ ಅಥವಾ ಪ್ಲಾಸ್ಟಿಕ್ ಹೊದಿಕೆ ಬೇಡ. ಮಳೆಗಾಲ ಮುಗಿದ ಕೂಡಲೇ ಹತ್ತಿ ಹಾಸಿಗೆಯನ್ನು ಅಂಗಳದ ಬಿಸಿಲಿಗೆ ಹಾಕುವ ನಮ್ಮ ರೂಢಿ ಇದಕ್ಕೆ ಹೊಂದದು, ಏಕೆಂದರೆ ಬಿಸಿಲು ತಾಗಿದ ಲ್ಯಾಟೆಕ್ಸ್ ಹಳದಿಯಾಗಿ, ಪೆಡಸಾಗಿ, ಪುಡಿಪುಡಿಯಾಗುತ್ತದೆ. ಪದರಗಳನ್ನು ಬಿಡಿಸಿ ಜಗಲಿಯ ನೆರಳಿನಲ್ಲಿ ಗಾಳಿಗೆ ಹರಡಿದರೆ ಸಾಕು. ಇಡೀ ಹಾಸಿಗೆ ಸುಮಾರು 60 ಕೆ.ಜಿ. ತೂಗುವುದರಿಂದ ತಳದ ಹಾಳೆಯನ್ನೂ 36 ಇಂಚಿನ ಎರಡು ತುಂಡುಗಳಾಗಿಯೇ ತರಿಸಿಕೊಳ್ಳಿ. ಆಗ ಇಬ್ಬರೇ ಎತ್ತಿಕೊಂಡು ಹೋಗಬಹುದು.