ನೆರಳಲ್ಲೇ ಓಡಾಡಿದರೂ ಮುಖ ಯಾಕೆ ಕಪ್ಪಾಗುತ್ತದೆ?

ಪ್ರಶ್ನೆ: ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋದಾಗ ಅಂಗಡಿ ಸಾಲಿನ ನೆರಳು ಹಿಡಿದೇ ನಡೀತೀನಿ. ಬಿಸಿಲು ಮೈಗೆ ತಾಗೋದೇ ಇಲ್ಲ. ಆದರೂ ಮುಖ, ಕೈ ಕಪ್ಪಾಗ್ತಿವೆ. ಯಾಕೆ ಸರ್?

ಉತ್ತರ: ಏಪ್ರಿಲ್ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಎಷ್ಟು ಸಲ ಹೇಳಿದರೂ ಮತ್ತೆ ಹೇಳಬೇಕಾಗಿದೆ, ಇರಲಿ.

ನೆರಳು ಒಳ್ಳೆಯದೇ. ಆದರೆ ಅದು ತಡೆಯುವುದು ಸೂರ್ಯನಿಂದ ನೇರ ಬರುವ ಕಿರಣವನ್ನು ಮಾತ್ರ. ಚರ್ಮವನ್ನು ಕಪ್ಪಾಗಿಸುವ, ಕಣ್ಣಿಗೆ ಕಾಣದ ಅತಿನೇರಳೆ ಕಿರಣ, ಅಂದರೆ ಯುವಿ, ಗಾಳಿಯಲ್ಲಿ ಚದುರಿ ಇಡೀ ಆಕಾಶದಿಂದ ಇಳಿಯುತ್ತದೆ. ಆಕಾಶ ನೀಲಿ ಕಾಣುವುದೂ ಬೆಳಕು ಹೀಗೆ ಚದುರುವುದರಿಂದಲೇ. ಯುವಿ ನೀಲಿ ಬೆಳಕಿಗಿಂತಲೂ ಜಾಸ್ತಿ ಚದುರುತ್ತದೆ.

ಹಾಗಾಗಿ ನೆರಳಲ್ಲಿ ನಿಂತು ಒಮ್ಮೆ ಕತ್ತೆತ್ತಿ ನೋಡಿ. ಅಗಲವಾದ ರಸ್ತೆ, ಒಂದೇ ಕಡೆ ಕಟ್ಟಡ ಇದ್ದರೆ ಅರ್ಧ ಆಕಾಶ ಕಾಣುತ್ತದೆ. ಅಷ್ಟೂ ಕಡೆಯಿಂದ ಯುವಿ ಮುಖಕ್ಕೆ ಬೀಳುತ್ತಿರುತ್ತದೆ. ಅಂಗಡಿ ಮುಂದೆ ಕಟ್ಟಿದ ತಾಡಪತ್ರಿಯ ಅಂಚಿನಲ್ಲಿ ನಿಂತರೂ ಅಷ್ಟೇ, ಎರಡು ಹೆಜ್ಜೆ ಒಳಗೆ ಸರಿಯಬೇಕು. ಹಳೇ ಓಣಿಗಳ ಕಥೆ ಬೇರೆ. ಎರಡೂ ಕಡೆ ಎತ್ತರದ ಗೋಡೆ, ಮೇಲೆ ಆಕಾಶದ ಒಂದು ಪಟ್ಟಿ ಮಾತ್ರ. ಅದು ನಿಜವಾದ ನೆರಳು.

ಈಗ ಆ ಹಠಮಾರಿ ನಂಬಿಕೆಗೆ ಬರೋಣ: "ಬಿಸಿ ತಟ್ಟದಿದ್ದರೆ ಯುವಿ ಇಲ್ಲ." ಓದಿದವರೂ ಇದನ್ನು ಹೇಳುತ್ತಾರೆ, ಅದೇ ನನಗೆ ಬೇಜಾರು. ಯುವಿಯನ್ನು ಗುರುತಿಸುವ ಶಕ್ತಿ ನಮ್ಮ ಚರ್ಮಕ್ಕಿಲ್ಲ. ಸುಟ್ಟಿದ್ದು ಗೊತ್ತಾಗುವುದು ಕೆಲವು ಗಂಟೆಗಳ ನಂತರ, ಚರ್ಮ ಕೆಂಪಾಗಿ ಉರಿದಾಗ.

ನಮ್ಮೂರಿನ ಲೆಕ್ಕವನ್ನೇ ನೋಡಿ. ಕಲಬುರಗಿಯಲ್ಲಿ ಸೂರ್ಯ ಆ ದಿನದ ಅತಿ ಎತ್ತರಕ್ಕೆ ಏರುವುದು ಮೇ ತಿಂಗಳಲ್ಲಿ ಸುಮಾರು 12:20ಕ್ಕೆ. ಯುವಿ ಜೋರಾಗಿರುವುದು ಆಗ. ಸೆಕೆ ಜೋರಾಗುವುದು ಮೂರು, ನಾಲ್ಕು ಗಂಟೆಗೆ. ನಾಲ್ಕಕ್ಕೆ ರಸ್ತೆ ಕೆಂಡದಂತಿರುತ್ತದೆ, ಆದರೆ ಯುವಿ ಮಧ್ಯಾಹ್ನದ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. ಎರಡೂ ಒಂದೇ ಆಗಿದ್ದರೆ ಹೀಗಾಗುತ್ತಿತ್ತಾ?

ಇನ್ನೊಂದು ಲೆಕ್ಕ. ಸೂರ್ಯ ನಮ್ಮ ನೆತ್ತಿಯ ಮೇಲೆ ನೇರವಾಗಿ ಬರುವುದು ವರ್ಷಕ್ಕೆ ಎರಡು ಸಲ: ಮೇ 8ರ ಆಸುಪಾಸು, ಮತ್ತೆ ಆಗಸ್ಟ್ 4ರ ಆಸುಪಾಸು. ಮೇನಲ್ಲಿ 42 ಡಿಗ್ರಿ, ಎಲ್ಲರೂ ತಲೆಗೆ ಟವೆಲ್ ಸುತ್ತುತ್ತಾರೆ. ಆಗಸ್ಟ್‌ನಲ್ಲಿ ತಂಪು ಗಾಳಿ, ಬಿಸಿಲಿಗೆಂದು ಯಾರೂ ಛತ್ರಿ ಬಿಚ್ಚುವುದಿಲ್ಲ. ಮೋಡ ಸರಿದು ಬಿಸಿಲು ಬಿತ್ತೆಂದರೆ ಸೂರ್ಯ ಇರುವುದು ಮೇ ತಿಂಗಳಷ್ಟೇ ಎತ್ತರದಲ್ಲಿ. ತೆಳು ಮೋಡವಂತೂ ಯುವಿಯನ್ನು ಹೆಚ್ಚೇನೂ ತಡೆಯುವುದಿಲ್ಲ.

ಬಟ್ಟೆಯಲ್ಲೂ ಇದೇ ಮೋಸ. ತೆಳು ಬಿಳಿ ಅಂಗಿ ತಂಪು, ಆದರೆ ಯುವಿ ಅದರೊಳಗೆ ನುಸುಳುತ್ತದೆ. ಒತ್ತಾಗಿ ನೇಯ್ದ ಗಾಢ ಬಣ್ಣದ ಬಟ್ಟೆ ಸೆಕೆ, ಆದರೆ ಚೆನ್ನಾಗಿ ತಡೆಯುತ್ತದೆ. ಹಾಗಂತ ಮೇನಲ್ಲಿ ಕಪ್ಪು ಅಂಗಿ ಹಾಕಿ ಅನ್ನುತ್ತಿಲ್ಲ. ಬಿಳಿಯಲ್ಲೇ ಸ್ವಲ್ಪ ದಪ್ಪ ನೇಯ್ಗೆ ಆರಿಸಿ, ತುಂಬು ತೋಳಿರಲಿ.

ಯುವಿ ಎಷ್ಟಿದೆ ಎಂದು ತಿಳಿಯಲು ಆ್ಯಪ್ ಬೇಡ, ನಿಮ್ಮ ನೆರಳನ್ನೇ ನೋಡಿಕೊಳ್ಳಿ. ಅದು ನಿಮ್ಮ ಎತ್ತರಕ್ಕಿಂತ ಗಿಡ್ಡ ಇದ್ದರೆ ಯುವಿ ಜೋರಾಗಿದೆ ಎಂದೇ ಅರ್ಥ. ಬೇಸಿಗೆಯಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳ ಸಮಯ ಬೆಳಗ್ಗೆ 8ರಿಂದ 1:30 ಆಗುತ್ತದಲ್ವಾ? ಸೆಕೆಗೆ ಅದು ಸರಿ. ಆದರೆ 1:30ಕ್ಕೆ ಹೊರಬಿದ್ದಾಗ ಐದೂವರೆ ಅಡಿ ಮನುಷ್ಯನ ನೆರಳು ಎರಡಡಿಯೂ ಇರಲ್ಲ. ಆ ಹೊತ್ತಿಗೆ ಗೋಡೆ ಪಕ್ಕವೂ ನೆರಳು ಸಿಗುವುದು ಕಷ್ಟ. ಛತ್ರಿ ಬೇಕೇ ಬೇಕು.

ಯಾರೂ ಕೇಳದಿದ್ದರೂ ಇನ್ನೊಂದು ಮಾತು. ಡಿ ವಿಟಮಿನ್‌ಗೆಂದು ಮುಚ್ಚಿದ ಕಿಟಕಿ ಪಕ್ಕ ಸುಮ್ನೆ ಕೂರುವವರು ಬಹಳ. ಆ ವಿಟಮಿನ್ ಹುಟ್ಟಿಸುವುದು ಯುವಿಯ ಒಂದು ಬಗೆಯಾದ ಯುವಿ-ಬಿ. ಮನೆಯ ಗಾಜು ಅದನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಚರ್ಮ ಕಪ್ಪಾಗಿಸುವ, ಸುಕ್ಕು ತರುವ ಯುವಿ-ಎ ಮಾತ್ರ ಗಾಜು ದಾಟಿ ಒಳಗೆ ಬರುತ್ತದೆ. ಕಾರಿನ ಪಕ್ಕದ ಗಾಜು ಏರಿಸಿ ದಿನವಿಡೀ ಓಡಿಸುವವರ ಕಿಟಕಿ ಕಡೆಯ ಕೈ ಹೆಚ್ಚು ಕಪ್ಪಾಗುವುದೂ ಇದರಿಂದಲೇ.