ಸ್ನಾತಕೋತ್ತರ: ಬಿ.ಎಡ್. ಆಮೇಲಿನದು, ಮೇಲಿನದಲ್ಲ

ಶಾಲಾ ಶಿಕ್ಷಕರಾಗಲು ಓದುವ ಬಿ.ಎಡ್. ಮುಗಿಸಿದವರು ಅರ್ಜಿ ತುಂಬುವಾಗ ‘ಸ್ನಾತಕೋತ್ತರ ಪದವಿ’ ಎಂಬ ಜಾಗದಲ್ಲಿ ಬಿ.ಎಡ್. ಎಂದು ಬರೆಯುವುದು ಇನ್ನೂ ನಿಂತಿಲ್ಲ. ಪ್ರವೇಶದ ಜಾಹೀರಾತುಗಳಲ್ಲೂ ಬಿ.ಎಡ್., ಎಂ.ಎಡ್. ಎರಡನ್ನೂ ‘ಸ್ನಾತಕೋತ್ತರ ಶಿಕ್ಷಣ ಕೋರ್ಸುಗಳು’ ಎಂಬ ಒಂದೇ ತಲೆಬರಹದ ಕೆಳಗೆ ಹಾಕಿರುತ್ತಾರೆ. ಎಂ.ಎಡ್. ಸ್ನಾತಕೋತ್ತರ, ಅಂದರೆ ಮಾಸ್ಟರ್ಸ್ ಹಂತದ್ದು, ಹೌದು. ಬಿ.ಎಡ್. ಅಲ್ಲ.

ತಪ್ಪಿನ ಬೇರು ಪದದಲ್ಲೇ ಇದೆ. ‘ಸ್ನಾತ’ ಎಂದರೆ ಮಿಂದವನು. ಗುರುಕುಲದ ಓದು ಮುಗಿದಾಗ ಸಮಾವರ್ತನೆ ಎಂಬ ಸಂಸ್ಕಾರವಿತ್ತು. ಆಗ ವಿಧಿವತ್ತಾಗಿ ಸ್ನಾನ ಮಾಡಿ ಮನೆಗೆ ಮರಳುವವನು ಸ್ನಾತಕ; ಈಗ ಪದವಿ ಮುಗಿಸಿದವರಿಗೆ ಆ ಹೆಸರು. ಗೃಹ್ಯಸೂತ್ರಗಳು ಸ್ನಾತಕರಲ್ಲಿ ಮೂರು ಬಗೆ ಹೇಳುತ್ತವೆ: ಓದು ಮುಗಿಸಿ ವ್ರತ ಮುಗಿಸದವನು ವಿದ್ಯಾಸ್ನಾತಕ, ವ್ರತ ಮುಗಿಸಿ ಓದು ಮುಗಿಸದವನು ವ್ರತಸ್ನಾತಕ, ಎರಡನ್ನೂ ಮುಗಿಸಿದವನು ವಿದ್ಯಾವ್ರತಸ್ನಾತಕ. ನಾವು ದಿನವೂ ಬಳಸುವ ‘ನಿಷ್ಣಾತ’ ಕೂಡ ಇದೇ ಧಾತುವಿನದು. ವಿದ್ಯೆಯಲ್ಲಿ ಚೆನ್ನಾಗಿ ಮಿಂದವನು ನಿಷ್ಣಾತ.

ತೊಡಕು ಇರುವುದು ‘ಉತ್ತರ’ದಲ್ಲಿ. ಮೂಲದಲ್ಲಿ ಅದಕ್ಕೆ ‘ಹೆಚ್ಚು ಮೇಲಿನ’ ಎಂಬ ಅರ್ಥ. ಮೈಮೇಲೆ ಹೊದೆಯುವುದು ಉತ್ತರೀಯ. ನೂರರ ಮೇಲೆ ಎಂಟು ಎಂದರೆ ಅಷ್ಟೋತ್ತರಶತ. ಲೋಕಕ್ಕಿಂತ ಮಿಗಿಲಾದದ್ದು ಲೋಕೋತ್ತರ. ಅದೇ ‘ಉತ್ತರ’ ಕಾಲಕ್ಕೂ ಸಲ್ಲುತ್ತದೆ: ಮರಣೋತ್ತರ ಪ್ರಶಸ್ತಿ, ಸ್ವಾತಂತ್ರ್ಯೋತ್ತರ ಭಾರತ, ಕಾದಂಬರಿಯ ಉತ್ತರಾರ್ಧ. ಇಲ್ಲೆಲ್ಲ ‘ಆಮೇಲೆ’ ಎಂದಷ್ಟೇ ಅರ್ಥ. ಮರಣೋತ್ತರ ಪ್ರಶಸ್ತಿ ಮರಣಕ್ಕಿಂತ ದೊಡ್ಡದು ಎಂದು ಯಾರೂ ಓದುವುದಿಲ್ಲ. ಕನ್ನಡದ ‘ಮೇಲೆ’ಗೂ ಇದೇ ಎರಡು ಮುಖ. ‘ಡಿಗ್ರಿ ಆದ ಮೇಲೆ’ ಎನ್ನುವುದು ಬೇರೆ, ‘ಡಿಗ್ರಿಗಿಂತ ಮೇಲೆ’ ಎನ್ನುವುದು ಬೇರೆ.

ಬಿ.ಎಡ್. ಡಿಗ್ರಿ ಆದ ಮೇಲಿನದು, ಡಿಗ್ರಿಗಿಂತ ಮೇಲಿನದಲ್ಲ. ‘ಬಿ’ ಎಂದರೆ ಬ್ಯಾಚುಲರ್. ಅದು ಒಂದು ಪದವಿ ಆದ ಮೇಲೆ ಪಡೆಯುವ ಅದೇ ಹಂತದ ಇನ್ನೊಂದು ಪದವಿ. ಕಾನೂನಿನಲ್ಲಿ ಮೂರು ವರ್ಷದ ಎಲ್‌ಎಲ್‌.ಬಿ. ಇರುವುದೂ ಹೀಗೆಯೇ. ಸ್ನಾತಕೋತ್ತರ ಎನ್ನುವಾಗ ವಿಶ್ವವಿದ್ಯಾಲಯಗಳು ಹೇಳುವುದು ಹಂತವನ್ನು, ಕ್ಯಾಲೆಂಡರನ್ನಲ್ಲ. ಇಂಗ್ಲೆಂಡಿನಲ್ಲೂ ಇದೇ ಗೊಂದಲವಿತ್ತು. ಪಿಜಿಸಿಇ (ಪೋಸ್ಟ್‌ಗ್ರಾಜುಯೇಟ್ ಸರ್ಟಿಫಿಕೇಟ್ ಇನ್ ಎಜುಕೇಶನ್) ಎಂಬ ಒಂದೇ ಹೆಸರಿನಲ್ಲಿ ನಡೆಯುತ್ತಿದ್ದ ಶಿಕ್ಷಕ ತರಬೇತಿಯನ್ನು ಅವರು ಎರಡು ಮಾಡಿದರು: ಪದವಿಯದೇ ಹಂತದ್ದು ಪ್ರೊಫೆಷನಲ್ ಗ್ರಾಜುಯೇಟ್, ಅದರ ಮೇಲಿನ ಹಂತದ್ದು ಪೋಸ್ಟ್‌ಗ್ರಾಜುಯೇಟ್. ಅಮೆರಿಕದಲ್ಲಿ ಓದುವ ನಮ್ಮವರು ‘ಗ್ರಾಜುಯೇಟ್ ಕೋರ್ಸ್’ ಎಂದರೆ ಅದಕ್ಕೆ ಅರ್ಥ ಮಾಸ್ಟರ್ಸ್ ಮತ್ತು ಡಾಕ್ಟರೇಟ್. ನಮ್ಮಲ್ಲಿ ಗ್ರಾಜುಯೇಟ್ ಎಂದರೆ ಬಿ.ಎ. ಮುಗಿಸಿದವರು.

2015ರಿಂದ ಗೊಂದಲ ಇನ್ನಷ್ಟು ಬಿಗಿಯಾಯಿತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, ತನ್ನ 2014ರ ನಿಯಮಾವಳಿಯಲ್ಲಿ ಒಂದು ವರ್ಷವಿದ್ದ ಬಿ.ಎಡ್. ಮತ್ತು ಎಂ.ಎಡ್. ಎರಡನ್ನೂ ಎರಡೆರಡು ವರ್ಷಕ್ಕೆ ಏರಿಸಿತು. ಎಂ.ಎ. ಎರಡು ವರ್ಷ, ಬಿ.ಎಡ್. ಎರಡು ವರ್ಷ, ಹಾಗಾಗಿ ಎರಡೂ ಸಮ ಎಂಬ ಲೆಕ್ಕ ಹುಟ್ಟಿದ್ದು ಆಮೇಲೆ. ಬರೀ ವರ್ಷಗಳನ್ನು ಕೂಡಿಸಿ ಹಂತ ನಿರ್ಧರಿಸುವುದಿಲ್ಲ. 2025ರ ಫೆಬ್ರವರಿಯಲ್ಲಿ ಎನ್‌ಸಿಟಿಇ ಪ್ರಕಟಿಸಿದ ಕರಡಿನಲ್ಲಿ ಒಂದು ವರ್ಷದ ಬಿ.ಎಡ್. ಮತ್ತು ಎಂ.ಎಡ್. ಮತ್ತೆ ಕಾಣಿಸಿಕೊಂಡವು. ಅವಧಿ ಹಿಗ್ಗಲಿ ಕುಗ್ಗಲಿ, ಹಂತ ಬದಲಾಗುವುದಿಲ್ಲ.

ಎರಡರ ಒಳಗನ್ನು ನೋಡಿದರೆ ವ್ಯತ್ಯಾಸ ಸ್ಪಷ್ಟ. 2014ರ ನಿಯಮಾವಳಿಯ ಬಿ.ಎಡ್. ಶಾಲೆಯ ತರಗತಿಗೆ ಶಿಕ್ಷಕರನ್ನು ತಯಾರು ಮಾಡುತ್ತದೆ: ಬೋಧನಾ ವಿಷಯವನ್ನು ಕಲಿಸುವ ವಿಧಾನದ (ಮೆಥಡ್) ಪತ್ರಿಕೆಗಳು, ಪಾಠಯೋಜನೆ, ಎರಡು ವರ್ಷಗಳಲ್ಲಿ ಒಟ್ಟು 20 ವಾರ ಶಾಲಾ ಅನುಭವ. ಎಂ.ಎಡ್.ಗೆ ಸೇರಲು ಬಿ.ಎಡ್. ಅಥವಾ ಅಂಥದೇ ಶಿಕ್ಷಕ ಶಿಕ್ಷಣದ ಅರ್ಹತೆಯಲ್ಲಿ ಶೇ 50 ಅಂಕ ಬೇಕು. ಅದು ತಯಾರು ಮಾಡುವುದು ಶಿಕ್ಷಕರಿಗೆ ಕಲಿಸುವವರನ್ನು, ಪಠ್ಯಕ್ರಮ ರೂಪಿಸುವವರನ್ನು, ಸಂಶೋಧಕರನ್ನು. ಶಿಕ್ಷಣದ ತತ್ತ್ವಶಾಸ್ತ್ರ, ಮನೋವಿಜ್ಞಾನ, ಸಮಾಜಶಾಸ್ತ್ರ, ಪಠ್ಯಕ್ರಮ ಅಧ್ಯಯನ ಒಂದು ಕಡೆ, ಸಂಶೋಧನಾ ವಿಧಾನ ಮತ್ತು ಶೈಕ್ಷಣಿಕ ಬರವಣಿಗೆ ಇನ್ನೊಂದು ಕಡೆ. ಜೊತೆಗೆ ಪ್ರಾಥಮಿಕ ಇಲ್ಲವೇ ಪ್ರೌಢ ಹಂತದಲ್ಲಿ ವಿಶೇಷ ಅಧ್ಯಯನ. ಇಂಟರ್ನ್‌ಶಿಪ್‌ಗೆ ಶಿಕ್ಷಕ ತರಬೇತಿ ಸಂಸ್ಥೆಗೂ ಹೋಗಬೇಕು. ತರಗತಿಗೆ ಶೇ 80, ಇಂಟರ್ನ್‌ಶಿಪ್‌ಗೆ ಶೇ 90 ಹಾಜರಿ ಕಡ್ಡಾಯ.

ಎಂ.ಎಡ್.ನಲ್ಲಿ ಹೆಚ್ಚು ಜನ ಎಡವುವುದು ಡಿಸರ್ಟೇಶನ್‌ನಲ್ಲಿ, ಅಂದರೆ ಸಂಶೋಧನಾ ಪ್ರಬಂಧದಲ್ಲಿ. ವಿಷಯ ಅಂತಿಮವಾಗುವುದು ತಡವಾಗುತ್ತದೆ, ಪ್ರಶ್ನಾವಳಿಯನ್ನು ಪರಿಣತರಿಗೆ ತೋರಿಸಿ ತಿದ್ದುವುದು ಇನ್ನೂ ತಡ. ಅಷ್ಟರಲ್ಲಿ ಶಾಲೆಗಳ ಮಾರ್ಚ್ ಪರೀಕ್ಷೆ, ಅದರ ಬೆನ್ನಿಗೇ ಏಪ್ರಿಲ್‌ನಲ್ಲಿ ಬೇಸಿಗೆ ರಜೆ. ಮಾಹಿತಿ ಸಂಗ್ರಹಿಸಲು ಶಾಲೆಯೇ ತೆರೆದಿರುವುದಿಲ್ಲ. ಶಾಲೆಗಳ ಅನುಮತಿ ಪತ್ರ ಮತ್ತು ಮಾಹಿತಿ ಸಂಗ್ರಹ ಎರಡೂ ಫೆಬ್ರವರಿಯೊಳಗೆ ಮುಗಿದಿರಬೇಕು.

ಎಂ.ಎ. ಶಿಕ್ಷಣ ಎಂಬ ಮೂರನೆಯದೊಂದಿದೆ. ಅದೂ ಸ್ನಾತಕೋತ್ತರವೇ, ಆದರೆ ಶಿಕ್ಷಣವನ್ನು ಒಂದು ಜ್ಞಾನಶಾಖೆಯಾಗಿ ಓದುವ ಪದವಿ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿರುವ ಎರಡು ವರ್ಷದ ಎಂ.ಎ. ಈ ಬಗೆಯದು. ಸೇರಲು ಬಿ.ಎಡ್. ಬೇಕಿಲ್ಲ. ಅದೇ ಕಾರಣಕ್ಕೆ, ಅದೊಂದನ್ನೇ ಹಿಡಿದು ಪ್ರೌಢಶಾಲಾ ಶಿಕ್ಷಕರಾಗಲು ಆಗುವುದಿಲ್ಲ.

ಪದ ತಪ್ಪಿದರೆ ಪೆಟ್ಟು ಬೀಳುವುದು ಇಲ್ಲಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ, 2022ರ ನಿಯಮದಂತೆ ಪಿಎಚ್‌.ಡಿ.ಗೆ ಸ್ನಾತಕೋತ್ತರದಲ್ಲಿ ಶೇ 55 ಅಥವಾ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಬೇಕು. ಮೂರು ವರ್ಷದ ಬಿ.ಎ. ಜೊತೆಗೆ ಬಿ.ಎಡ್.ನಲ್ಲಿ ಶೇ 85 ಬಂದಿದ್ದರೂ ಅದು ಸ್ನಾತಕೋತ್ತರ ಪದವಿಯ ಜಾಗದಲ್ಲಿ ನಿಲ್ಲದು. ಪಿಯು ಉಪನ್ಯಾಸಕ ಹುದ್ದೆಗೆ ಕೇಳುವುದು ಆಯಾ ವಿಷಯದ ಸ್ನಾತಕೋತ್ತರ ಪದವಿ ಮತ್ತು ಬಿ.ಎಡ್.; ಇತಿಹಾಸದ ಎಂ.ಎ. ಬದಲಿಗೆ ಎಂ.ಎಡ್. ತೋರಿಸಿದರೆ ನಡೆಯುವುದಿಲ್ಲ. ಅರ್ಜಿಯಲ್ಲಿ ಬಿ.ಎಡ್. ಬರೆಯಬೇಕಾದ್ದು ವೃತ್ತಿ ಶಿಕ್ಷಣದ ಸಾಲಿನಲ್ಲಿ. ಆ ಸಾಲು ಇಲ್ಲದಿದ್ದರೆ ಪದವಿಯ ಸಾಲಿನಲ್ಲಿ, ಬಿ.ಎ. ಅಥವಾ ಬಿ.ಎಸ್‌ಸಿ.ಯ ಕೆಳಗೆ.